ಸವಾನಾದಲ್ಲಿ ಒಂದೇ ರಾತ್ರಿ: ಯಾವ ದೆವ್ವದ ಮನೆಗೆ ಹೋಗೋದು?

ಅಟ್ಲಾಂಟಾಕ್ಕೆ ಬಂದ ನೆಂಟರು ಮೂರನೇ ದಿನಕ್ಕೆ ಕೇಳುವುದು ಇದನ್ನೇ. "ಸವಾನಾ ಇಲ್ಲಿಂದ ನಾಲ್ಕೇ ಗಂಟೆ ದಾರಿಯಂತೆ. ಊರು ತುಂಬಾ ದೆವ್ವಗಳಂತೆ. ಒಂದು ರಾತ್ರಿ ಹೋಗಿ ಬರೋಣ್ವಾ?" ಹೂಂ ಅಂದರೆ ಮುಗಿಯಿತು, ತಲೆನೋವು ಶುರು. ನಡೆಯುವ ಟೂರ್ ಇದೆ, ಟ್ರಾಲಿ ಟೂರ್ ಇದೆ, ಟಾಪ್ ಕತ್ತರಿಸಿದ ಹೆಣದ ಗಾಡಿಯಲ್ಲಿ ಕೂರಿಸಿಕೊಂಡು ಊರು ಸುತ್ತಿಸುವ ಟೂರ್ ಕೂಡ ಇದೆ. ದೆವ್ವ ಇರುವ ಹೋಟೆಲ್, ದೆವ್ವ ಇರುವ ರೆಸ್ಟೋರೆಂಟ್, ಎರಡು ಹಳೇ ಸ್ಮಶಾನ. ಒಂದು ಹಗಲು, ಒಂದು ರಾತ್ರಿಯಲ್ಲಿ ಎಲ್ಲಾ ನೋಡೋಕಾಗಲ್ಲ.

ನಾನು ಐದು ಸಲ ಹೋಗಿದ್ದೇನೆ. ಗೆಳೆಯರ ಜೊತೆ, ಮಕ್ಕಳ ಜೊತೆ, ಊರಿಂದ ಬಂದ ಅಪ್ಪ ಅಮ್ಮನ ಜೊತೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ದುಡ್ಡು ದಂಡ ಮಾಡಿಕೊಂಡು ಬಂದಿದ್ದೇನೆ. ಆ ಪಾಠವನ್ನು ಪುಕ್ಕಟೆ ಕೊಡುತ್ತಿದ್ದೇನೆ, ತಗೊಳ್ಳಿ.

ಮೊದಲು ಈ ಊರಲ್ಲೇ ಯಾಕೆ ಇಷ್ಟು ದೆವ್ವ ಅನ್ನುವುದು ಗೊತ್ತಿದ್ದರೆ ಆರಿಸುವುದು ಸುಲಭ. ಜೇಮ್ಸ್ ಓಗ್ಲ್‌ಥಾರ್ಪ್ 1733ರಲ್ಲಿ ಕಟ್ಟಿಸಿದ ಊರು ಇದು. ನಾಲ್ಕು ಹೆಜ್ಜೆಗೊಂದು ಚೌಕ, ಚೌಕದ ತುಂಬಾ ಓಕ್ ಮರ, ಮರದಿಂದ ಜಡೆ ಬಿಚ್ಚಿದ ಹಾಗೆ ಇಳಿಬಿದ್ದ ಬೂದು ಬಣ್ಣದ ಬಳ್ಳಿ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಡಿಸೆಂಬರ್‌ನಲ್ಲಿ, ಉತ್ತರದ ಸೈನ್ಯದ ಜನರಲ್ ಶೆರ್ಮನ್ ದಾರಿಯುದ್ದಕ್ಕೂ ಹಾಳುಗೆಡವುತ್ತಾ ಬಂದವನು ಸವಾನಾವನ್ನು ಮಾತ್ರ ಸುಡದೆ, ಲಿಂಕನ್‌ಗೆ ಕ್ರಿಸ್‌ಮಸ್ ಉಡುಗೊರೆ ಅಂತ ತಂತಿ ಕಳಿಸಿದ. ಹಾಗಾಗಿ ಹಳೇ ಮನೆಗಳು ಉಳಿದವು. ಆ ಮನೆಗಳಲ್ಲಿ ಸತ್ತವರೂ ಕಮ್ಮಿ ಇಲ್ಲ. 1820ರ ಜನವರಿಯಲ್ಲಿ ಬೆಂಕಿ ಬಿದ್ದು ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಅದೇ ವರ್ಷ ಹಳದಿ ಜ್ವರ ಬಂದು ಸುಮಾರು 700 ಜನ ಸತ್ತರು. 1854ರಲ್ಲಿ, 1876ರಲ್ಲಿ ಜ್ವರ ಮತ್ತೆ ಬಂತು. ಇದು ಸೊಳ್ಳೆಯಿಂದ ಬರುವ ಕಾಯಿಲೆ ಅಂತ ಸಾಬೀತಾದದ್ದು 1900ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿ ಅಂದುಕೊಂಡು ಕಿಟಕಿ ಮುಚ್ಚಿ ಕೂತಿದ್ದರು ಪಾಪ. ಇದೆಲ್ಲದರ ಅಡಿಗೆ ಗುಲಾಮರ ಕಥೆ. ಅವರಲ್ಲಿ ಬಹಳಷ್ಟು ಜನರ ಹೆಸರು ಎಲ್ಲೂ ಬರೆದಿಲ್ಲ, ಗೋರಿಗೆ ಕಲ್ಲಿಲ್ಲ, ಕೆಲವು ಕಡೆ ಅವರ ಗೋರಿಗಳ ಮೇಲೇ ಚೌಕ ಎದ್ದಿದೆ.

ಆರಿಸೋಕೆ ಮುಂಚೆ ಏನು ನೋಡಬೇಕು

ನಾನು ಮೊದಲು ನೋಡುವುದು "ಅಂತೆ" ಎಷ್ಟಿದೆ ಅನ್ನುವುದನ್ನು. ಗೈಡ್ ಇಂಗ್ಲಿಷಿನಲ್ಲಿ ಹೇಳುವ ಕಥೆಯನ್ನು ಮನಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಒಬ್ಬಳು ಹುಡುಗಿ ಇದ್ದಳಂತೆ, ಅಪ್ಪ ಕೂಡಿಹಾಕಿದನಂತೆ, ಈಗಲೂ ಕಿಟಕಿಯಲ್ಲಿ ಕಾಣ್ತಾಳಂತೆ. ಮೂರಕ್ಕೆ ಮೂರೂ ಅಂತೆ! ಕೇಳೋಕೆ ಚೆನ್ನಾಗಿರಬಹುದು, ಆದರೆ 35 ಡಾಲರ್ ಕೊಟ್ಟು ಕೇಳಬೇಕಾ ಅಂತ ಯೋಚಿಸಿ. ಇಂಗ್ಲಿಷಿನಲ್ಲಿ ದಾಖಲೆಯಲ್ಲಿ ಇರುವುದನ್ನೂ ಬಾಯಿಂದ ಬಾಯಿಗೆ ಬಂದದ್ದನ್ನೂ ಒಂದೇ ಧಾಟಿಯಲ್ಲಿ ಹೇಳಿಬಿಡಬಹುದು. ನಮ್ಮ ಭಾಷೆಯಲ್ಲಿ ಅದು ಸುಲಭಕ್ಕೆ ಆಗಲ್ಲ, ಕ್ರಿಯಾಪದವೇ ಹಿಡಿದುಕೊಡುತ್ತದೆ.

ಎರಡನೆಯದು, ಒಳಗೆ ಬಿಡುತ್ತಾರಾ? ಬಹಳಷ್ಟು ರಾತ್ರಿ ಟೂರ್‌ಗಳಲ್ಲಿ ನೀವು ಫುಟ್‌ಪಾತ್ ಮೇಲೆ ನಿಂತು ಮುಚ್ಚಿದ ಬಾಗಿಲು ನೋಡುತ್ತೀರಿ. ಬುಕ್ ಮಾಡುವಾಗ ಇದನ್ನು ಕೇಳದೇ ಇದ್ದವರೇ ಜಾಸ್ತಿ.

ಮೂರನೆಯದು ಜೊತೆಗೆ ಬರುವವರ ಕಾಲು ಮತ್ತು ವಯಸ್ಸು. ನಡೆಯುವ ಟೂರ್ ಅಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಇಟ್ಟಿಗೆ ಹಾಸಿದ, ಬೇರು ಎದ್ದ ಕಾಲುದಾರಿ. ಮಂಡಿನೋವು ಇರುವವರಿಗೆ ದೆವ್ವಕ್ಕಿಂತ ಆ ಬೇರುಗಳದ್ದೇ ಭಯ.

ಕೊನೆಯದು ದುಡ್ಡು. ರಾತ್ರಿ ಟೂರ್‌ಗಳಿಗೆ ನಾನು ತಲೆಗೆ 25ರಿಂದ 40 ಡಾಲರ್‌ವರೆಗೆ ಕೊಟ್ಟಿದ್ದೇನೆ. ನಾಲ್ಕು ಜನರ ಸಂಸಾರಕ್ಕೆ ಲೆಕ್ಕ ಹಾಕಿ ನೋಡಿ. ಅಕ್ಟೋಬರ್‌ನಲ್ಲಿ, ಮಾರ್ಚ್‌ನ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸಿನಲ್ಲಿ ರೂಮುಗಳ ಬಾಡಿಗೆ ಏರಿರುತ್ತದೆ.

ರಾತ್ರಿಯ ನಡಿಗೆ, ಟ್ರಾಲಿ, ಹೆಣದ ಗಾಡಿ

ನಡಿಗೆಯಲ್ಲಿ ಎಲ್ಲಾ ಗೈಡ್ ಮೇಲೆ ನಿಂತಿದೆ. ಒಳ್ಳೆಯ ಗೈಡ್ ಸಿಕ್ಕರೆ ಚೌಕದ ಕತ್ತಲು, ಗ್ಯಾಸ್ ದೀಪ, ಇಳಿಬಿದ್ದ ಬಳ್ಳಿ ಎಲ್ಲಾ ಸೇರಿ ಬೆನ್ನು ಚುಳ್ ಅನ್ನುತ್ತದೆ. ಸಿಗದೇ ಇದ್ದರೆ? ಒಂದು ಜುಲೈನಲ್ಲಿ ನಾವು ಮೂವತ್ತು ಜನರ ಗುಂಪಿನ ಹಿಂದೆ ನಿಂತಿದ್ದೆವು. ಗೈಡ್ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಮಗಳು "ಅಪ್ಪಾ, ಮೂಕಿ ದೆವ್ವ" ಅಂದಳು. ಅವತ್ತಿನಿಂದ ಗುಂಪಿನಲ್ಲಿ ಎಷ್ಟು ಜನ ಅಂತ ಮೊದಲೇ ಕೇಳುತ್ತೇನೆ. ಹದಿನೈದರ ಒಳಗಿದ್ದರೆ ಸರಿ.

ಈ ನಡಿಗೆಗಳಲ್ಲಿ ತಪ್ಪದೆ ಬರುವ ಎರಡು ನಿಲ್ದಾಣ ಹೇಳಿಬಿಡುತ್ತೇನೆ. ಒಂದು 432 ಅಬರ್‌ಕಾರ್ನ್ ಸ್ಟ್ರೀಟ್‌ನ ಮನೆ. ಕಿಟಕಿಯ ಹುಡುಗಿಯ ಕಥೆ ಇದರದ್ದೇ. ಒಬ್ಬೊಬ್ಬ ಗೈಡ್ ಒಂದೊಂದು ಥರ ಹೇಳುತ್ತಾನೆ, ನನ್ನ ಅಂತೆ ಲೆಕ್ಕದಲ್ಲಿ ಇದಕ್ಕೇ ಮೊದಲ ಬಹುಮಾನ. ತಮಾಷೆ ಅಂದರೆ ಮನೆಯ ಎದುರಿನ ಚೌಕದ ಕಥೆಯೇ ದೊಡ್ಡದು. ಅದಕ್ಕೆ ಗುಲಾಮಗಿರಿಯನ್ನು ಎತ್ತಿಹಿಡಿದ ರಾಜಕಾರಣಿ ಕ್ಯಾಲ್‌ಹೂನ್ ಹೆಸರಿತ್ತು. 2023ರಲ್ಲಿ ನಗರಸಭೆ ಅದನ್ನು ಸೂಸಿ ಕಿಂಗ್ ಟೇಲರ್ ಹೆಸರಿಗೆ ಬದಲಿಸಿತು. ಗುಲಾಮಳಾಗಿ ಹುಟ್ಟಿ, ಇದೇ ಊರಲ್ಲಿ ಕದ್ದುಮುಚ್ಚಿ ಓದು ಕಲಿತು, ಯುದ್ಧದಲ್ಲಿ ಕರಿಯ ಸೈನಿಕರ ಶುಶ್ರೂಷೆ ಮಾಡಿದವಳು ಆಕೆ. ಎಲ್ಲರೂ ಮನೆಯ ಫೋಟೋ ತೆಗೆಯುವಾಗ ನೀವು ಸುಮ್ನೆ ತಿರುಗಿ ಚೌಕ ನೋಡಿ.

ಇನ್ನೊಂದು ಕಲೋನಿಯಲ್ ಪಾರ್ಕ್ ಸ್ಮಶಾನ. ಸಂಜೆ ಗೇಟ್ ಹಾಕುತ್ತಾರೆ, ಹಾಗಾಗಿ ರಾತ್ರಿ ಟೂರ್‌ನವರು ಕಬ್ಬಿಣದ ಬೇಲಿಯ ಆಚೆಯಿಂದಲೇ ತೋರಿಸುತ್ತಾರೆ. ಹಗಲಲ್ಲಿ ಒಳಗೆ ಹೋಗೋಕೆ ಒಂದು ಪೈಸೆ ಬೇಡ. ಇದಕ್ಕೆ ಮತ್ತೆ ಬರುತ್ತೇನೆ.

ವಯಸ್ಸಾದವರು ಜೊತೆಗಿದ್ದರೆ ಟ್ರಾಲಿ ಅಥವಾ ಹೆಣದ ಗಾಡಿ ಹತ್ತಿಸಿ. ಕಥೆ ಕಮ್ಮಿ, ತಮಾಷೆ ಜಾಸ್ತಿ. ಆದರೆ ಕೂತುಕೊಂಡು ನೋಡಬಹುದು. ನಮ್ಮಪ್ಪನಿಗೆ ಹೆಣದ ಗಾಡಿ ಹತ್ತಲು ಮನಸ್ಸೇ ಇರಲಿಲ್ಲ. "ಇನ್ನೂ ಟೈಮ್ ಇದೆ ಮಾರಾಯಾ" ಅಂದು ಟ್ರಾಲಿಗೇ ಹೋದರು. ಹೆಂಡದಂಗಡಿಗಳನ್ನು ಸುತ್ತಿಸುವ ಟೂರ್‌ಗಳೂ ಇವೆ. ಈ ಹಳೇ ಊರಿನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಬಿಯರ್ ಹಿಡಿದು ರಸ್ತೆಯಲ್ಲಿ ನಡೆಯಬಹುದು. ಗೆಳೆಯರ ಗುಂಪಿಗೆ ಅದೇ ಸರಿ, ಮಕ್ಕಳಿರುವವರು ಬಿಟ್ಟುಬಿಡಿ.

ರಾತ್ರಿಯಲ್ಲಿ ಮನೆಯ ಒಳಗೆ: ಸೊರೆಲ್-ವೀಡ್

ಭಯವೇ ಬೇಕು, ಒಳಗೇ ಹೋಗಬೇಕು ಅನ್ನುವವರಿಗೆ ಮ್ಯಾಡಿಸನ್ ಸ್ಕ್ವೇರ್‌ನ ಸೊರೆಲ್-ವೀಡ್ ಮನೆ. 1840ರ ಸುಮಾರಿಗೆ ಹಡಗು ವ್ಯಾಪಾರಿ ಫ್ರಾನ್ಸಿಸ್ ಸೊರೆಲ್ ಕಟ್ಟಿಸಿದ್ದು. ಹಗಲಲ್ಲಿ ಮನೆಯ ಇತಿಹಾಸದ ಟೂರ್, ರಾತ್ರಿ ದೆವ್ವದ ಟೂರ್. ನೆಲಮಾಳಿಗೆಗೂ ಹಿಂದಿನ ಗಾಡಿಮನೆಗೂ ಕರೆದುಕೊಂಡು ಹೋಗುತ್ತಾರೆ.

ಕಥೆ ಹೀಗೆ. ಫ್ರಾನ್ಸಿಸ್‌ಗೆ ಮಾಲಿ ಅನ್ನುವ ಹೆಸರಿನ ಮನೆಯ ಗುಲಾಮಳ ಸಂಗ ಇತ್ತಂತೆ. ಹೆಂಡತಿ ಮಟಿಲ್ಡಾ ನೋಡಿಬಿಟ್ಟಳಂತೆ. ಮೇಲಿನಿಂದ ಬಿದ್ದು ಪ್ರಾಣ ಬಿಟ್ಟಳು. ಕೆಲವು ದಿನಕ್ಕೆ ಗಾಡಿಮನೆಯಲ್ಲಿ ಮಾಲಿಯ ಹೆಣ ನೇತಾಡುತ್ತಿತ್ತಂತೆ.

ಅಂತೆ ಇಲ್ಲದ ವಾಕ್ಯ ಒಂದೇ ಇದೆ, ಗಮನಿಸಿದಿರಾ? ಮಟಿಲ್ಡಾ 1860ರ ಮಾರ್ಚ್‌ನಲ್ಲಿ ಕಿಟಕಿಯಿಂದ ಬಿದ್ದು ಸತ್ತದ್ದು ಆ ಕಾಲದ ಪತ್ರದಲ್ಲಿ ಬಂದಿದೆ. ಮಾಲಿ ಅನ್ನುವವಳು ಇದ್ದಳು ಅನ್ನುವುದಕ್ಕೆ ಇತಿಹಾಸಕಾರರಿಗೆ ದಾಖಲೆ ಸಿಕ್ಕಿಲ್ಲ. ಇನ್ನೂ ಒಂದು ಮಾತಿದೆ. ಸೊರೆಲ್ ಈ ಮನೆಯನ್ನು ಹಿಂದಿನ ವರ್ಷ, 1859ರಲ್ಲೇ ಹೆನ್ರಿ ವೀಡ್‌ಗೆ ಮಾರಿದ್ದ. ಸಂಸಾರ ಪಕ್ಕದ ಮನೆಗೆ ಹೋಗಿತ್ತು. ಮಟಿಲ್ಡಾ ಸತ್ತದ್ದು ಆ ಪಕ್ಕದ ಮನೆಯಲ್ಲಿ. ಅಂದರೆ ಟಿಕೆಟ್ ಒಂದು ಮನೆಗೆ, ಸಾವು ಇನ್ನೊಂದು ಮನೆಯದ್ದು!

ಇಷ್ಟು ಗೊತ್ತಿದ್ದೂ ನಾನು ಈ ಮನೆಯನ್ನು ಬೇಡ ಅನ್ನಲ್ಲ. ಕತ್ತಲಲ್ಲಿ ಆ ನೆಲಮಾಳಿಗೆಯ ಮೆಟ್ಟಿಲು ಇಳಿಯುವುದು ಫುಟ್‌ಪಾತ್ ಮೇಲೆ ನಿಂತಂತಲ್ಲ. ಭಯಕ್ಕೆ ದಾಖಲೆ ಬೇಕಿಲ್ಲ ಅನ್ನುವವರು ಧಾರಾಳವಾಗಿ ಹೋಗಿ. ಚಿಕ್ಕ ಮಕ್ಕಳಿಗೆ ಮಾತ್ರ ಈ ಕಥೆ ಸರಿಹೋಗಲ್ಲ.

ಈ ಊರಿನ ಕೆಲವು ಟೂರ್‌ಗಳಲ್ಲಿ ಕೈಗೊಂದು ಮೀಟರ್ ಕೊಡುತ್ತಾರೆ, ದೆವ್ವ ಬಂದರೆ ದೀಪ ಕೆಂಪಾಗುತ್ತದಂತೆ. ಅದು ಅಳೆಯುವುದು ಕರೆಂಟಿನ ಸುತ್ತ ಇರುವ ಕಾಂತಕ್ಷೇತ್ರವನ್ನು. ಒಂದು ಕಟ್ಟಡದಲ್ಲಿ (ಹೆಸರು ಬೇಡ) ನನ್ನ ಮೀಟರ್ ಕೆಂಪಾಯಿತು, ಎಲ್ಲರೂ ಉಸಿರು ಬಿಗಿಹಿಡಿದರು. ನಾನು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಗೋಡೆಯ ಮೇಲೆ ಸ್ವಿಚ್‌ಬೋರ್ಡ್. ಮೀಟರಿಗಾಗಿ ಹೆಚ್ಚಿಗೆ ದುಡ್ಡು ಕೇಳಿದರೆ ಕೊಡಬೇಡಿ.

ಹಗಲಿನ ಮನೆಗಳು

ದೆವ್ವದ ಪಟ್ಟಿಗಳಲ್ಲಿ ಇವು ಕೆಳಗೆ ಬರುತ್ತವೆ. ನನ್ನ ಪಟ್ಟಿಯಲ್ಲಿ ಮೇಲೆ.

ಓವೆನ್ಸ್-ಥಾಮಸ್ ಹೌಸ್ 1819ರಲ್ಲಿ ಮುಗಿದದ್ದು, ವಿಲಿಯಂ ಜೇ ಅನ್ನುವ ವಾಸ್ತುಶಿಲ್ಪಿಯ ಕೆಲಸ. ಮುಂದೆ ಅರಮನೆ. ಹಿತ್ತಿಲಲ್ಲಿ ಗುಲಾಮರಿದ್ದ ಕಟ್ಟಡ ಹಾಗೇ ಉಳಿದಿದೆ. ಅಲ್ಲಿ ತಲೆ ಎತ್ತಿ ಚಾವಣಿ ನೋಡಿ. ತೊಲೆಗಳಿಗೆ ಬಳಿದ ಮಾಸಲು ನೀಲಿ. ಇದಕ್ಕೆ ಹೇಂಟ್ ಬ್ಲೂ ಅನ್ನುತ್ತಾರೆ, ಹೇಂಟ್ ಅಂದರೆ ಇಲ್ಲಿಯವರ ಮಾತಿನಲ್ಲಿ ದೆವ್ವ. ದೆವ್ವಗಳು ನೀರು ದಾಟಲಾರವು, ನೀಲಿ ಕಂಡರೆ ನೀರೆಂದು ಹಿಂದೆ ಸರಿಯುತ್ತವೆ ಅನ್ನುವುದು ಗುಲ್ಲಾ ಗೀಚಿ ಜನರ, ಅಂದರೆ ಈ ಕರಾವಳಿಗೆ ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರ ನಂಬಿಕೆ. ನೀಲಿ, ಸುಣ್ಣ, ಮಜ್ಜಿಗೆ ಕಲಸಿ ಬಳಿಯುತ್ತಿದ್ದರಂತೆ. ನಮ್ಮಮ್ಮ ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತರು. "ಸುಣ್ಣಕ್ಕೆ ನೀಲಿ ನಾವೂ ಹಾಕ್ತಿದ್ವಿ, ಬೆಳ್ಳಗೆ ಕಾಣ್ಲಿ ಅಂತ. ಇವರು ಬದುಕೋಕೆ ಹಾಕಿದ್ರಲ್ಲ" ಅಂದರು. ನನ್ನ ಐದು ಸಲದ ಸುತ್ತಾಟದಲ್ಲಿ ಮೈ ಜುಂ ಅಂದದ್ದು ಆ ಒಂದು ಜಾಗದಲ್ಲಿ. ಟೆಲ್‌ಫೇರ್ ಮ್ಯೂಸಿಯಂನವರ ಒಂದೇ ಟಿಕೆಟ್‌ನಲ್ಲಿ ಇದರ ಜೊತೆಗೆ ಇನ್ನೆರಡು ಮ್ಯೂಸಿಯಂ ನೋಡಬಹುದು. ದುಡ್ಡಿಗೆ ಮೋಸ ಇಲ್ಲ.

ಡ್ಯಾವೆನ್‌ಪೋರ್ಟ್ ಹೌಸ್ 1820ರದ್ದು, ಅಂದರೆ ಜ್ವರದ ವರ್ಷದ್ದು. ಕಟ್ಟಿದ ಐಸೇಯಾ ಡ್ಯಾವೆನ್‌ಪೋರ್ಟ್ 1827ರಲ್ಲಿ ಹಳದಿ ಜ್ವರದಿಂದಲೇ ಸತ್ತ. 1950ರ ದಶಕದ ಹೊತ್ತಿಗೆ ಮನೆ ಪಾಳು ಬಿದ್ದಿತ್ತು. ಹತ್ತಿರದ ಅಂತ್ಯಸಂಸ್ಕಾರದ ಅಂಗಡಿಯವರು ಕೆಡವಿ ಪಾರ್ಕಿಂಗ್ ಮಾಡಬೇಕು ಅಂತಿದ್ದರು. 1955ರಲ್ಲಿ ಏಳು ಹೆಂಗಸರು ಸೇರಿ ದುಡ್ಡು ಕೂಡಿಸಿ ಕೊಂಡುಕೊಂಡರು. ಇವತ್ತು ನೀವು ನೋಡುವ ಹಳೇ ಸವಾನಾ ಉಳಿದ ಕಥೆ ಅಲ್ಲಿಂದ ಶುರು. ಅಕ್ಟೋಬರ್‌ನಲ್ಲಿ ಹೋಗುವವರು ಇಲ್ಲಿ ಸಂಜೆ ಹೊತ್ತು 1820ರ ಜ್ವರದ ಕಥೆಯನ್ನು ಆಡಿ ತೋರಿಸುವ ಕಾರ್ಯಕ್ರಮ ಇದೆಯಾ ಅಂತ ವಿಚಾರಿಸಿ. ದೊಡ್ಡ ಮಕ್ಕಳಿಗೆ ಯಾವ ದೆವ್ವದ ಟೂರ್‌ಗಿಂತಲೂ ಮೇಲು.

ಮಾಂಟೆರೆ ಸ್ಕ್ವೇರ್‌ನ ಮರ್ಸರ್-ವಿಲಿಯಮ್ಸ್ ಹೌಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 1981ರಲ್ಲಿ ಹಳೇ ಸಾಮಾನುಗಳ ವ್ಯಾಪಾರಿ ಜಿಮ್ ವಿಲಿಯಮ್ಸ್ ಇಲ್ಲಿ ಒಬ್ಬ ಯುವಕನನ್ನು ಗುಂಡಿಕ್ಕಿ ಕೊಂದ. ನಾಲ್ಕು ಸಲ ವಿಚಾರಣೆ ನಡೆದು, 1989ರಲ್ಲಿ ಬಿಡುಗಡೆಯಾಗಿ, 1990ರ ಜನವರಿಯಲ್ಲಿ ಇದೇ ಮನೆಯಲ್ಲಿ ಸತ್ತ. ಆದರೆ ಒಳಗಿನ ಟೂರ್ ಪೀಠೋಪಕರಣ, ಚಿತ್ರಗಳ ಬಗ್ಗೆ. ದೆವ್ವ ಬೇಕು ಅಂತ ಹೋದವರು ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. ಹೊರಗಿಂದ ನೋಡಿದರೆ ಸಾಕು.

ಮಲಗೋದು, ಊಟ

ಹೇಗೂ ರೂಮ್ ಬೇಕೇ ಬೇಕಲ್ವಾ, ದೆವ್ವದ ಹೋಟೆಲ್‌ನಲ್ಲೇ ಮಲಗಿದರೆ ಟೂರ್ ದುಡ್ಡು ಉಳಿಯುತ್ತದೆ ಅನ್ನುವುದು ಒಂದು ಲೆಕ್ಕ. ಬ್ರಾಟನ್ ಸ್ಟ್ರೀಟ್‌ನ ಮಾರ್ಷಲ್ ಹೌಸ್ 1851ರದ್ದು. ಯುದ್ಧದ ಕೊನೆಯಲ್ಲಿ ಉತ್ತರದ ಸೈನ್ಯದ ಆಸ್ಪತ್ರೆಯಾಗಿತ್ತು. ದಶಕಗಳು ಮುಚ್ಚಿದ್ದು 1999ರಲ್ಲಿ ಮತ್ತೆ ತೆರೆಯಿತು. ರಿಪೇರಿ ಮಾಡುವಾಗ ನೆಲದಡಿ ಕತ್ತರಿಸಿದ ಕೈಕಾಲುಗಳ ಮೂಳೆ ಸಿಕ್ಕವಂತೆ, ರಾತ್ರಿ ಮಕ್ಕಳು ಓಡಾಡುವ ಸದ್ದು ಬರುತ್ತದಂತೆ. ನಾವು ಮಲಗಿದ ರಾತ್ರಿ ಓಡಾಡಿದ್ದು ಪಕ್ಕದ ರೂಮಿನ ಜೀವಂತ ಮಕ್ಕಳು. ಹಾಸಿಗೆ ಚೆನ್ನಾಗಿತ್ತು, ಎಲ್ಲಾ ಕಡೆ ನಡೆದೇ ಹೋಗಬಹುದು. ಊರಾಚೆ ಹೆದ್ದಾರಿ ಪಕ್ಕದ ಮೋಟೆಲ್‌ಗಿಂತ ಬಾಡಿಗೆ ಜಾಸ್ತಿ, ಆದರೆ ಪಾರ್ಕಿಂಗ್ ಹುಡುಕುವ ಗೋಳು ತಪ್ಪುತ್ತದೆ. ಪುಕ್ಕಲು ಸ್ವಭಾವದವರು ಜೊತೆಗಿದ್ದರೆ ಬೇಡ. ಟೂರ್ ಆದರೆ ಒಂದೂವರೆ ಗಂಟೆಗೆ ಮುಗಿಯುತ್ತದೆ, ಇಲ್ಲಿ ಬೆಳಗಿನವರೆಗೂ ಲೈಟ್ ಆರಿಸೋಕೆ ಬಿಡಲ್ಲ.

ಪೈರೇಟ್ಸ್ ಹೌಸ್ ಮಕ್ಕಳಿಗೆ. 1753ರಲ್ಲಿ ನಾವಿಕರ ತಂಗುದಾಣವಾಗಿ ಶುರುವಾದದ್ದು. ಕುಡಿದು ಬಿದ್ದ ಗಂಡಸರನ್ನು ಸುರಂಗದಲ್ಲಿ ಎಳೆದುಕೊಂಡು ಹೋಗಿ ಹಡಗಿಗೆ ತುಂಬುತ್ತಿದ್ದರಂತೆ. ಮಹಡಿಯ ಮೇಲೆ ಒಬ್ಬ ಕಡಲ್ಗಳ್ಳರ ಕ್ಯಾಪ್ಟನ್ ಸತ್ತನಂತೆ. ಆ ಕ್ಯಾಪ್ಟನ್ ಕಾದಂಬರಿಯ ಪಾತ್ರ ಅಂತ ಮಗಳಿಗೆ ಹೇಳಿದೆ. "ಹಾಗಾದ್ರೆ ದೆವ್ವ ಆಗೋಕೆ ಹುಟ್ಟಿರಲೇಬೇಕು ಅಂತಿಲ್ವಾ?" ಅಂದಳು. ಉತ್ತರ ಹೊಳೆಯಲಿಲ್ಲ. ಸಸ್ಯಾಹಾರಿಗಳು ಮೊದಲೇ ಮೆನು ನೋಡಿಕೊಳ್ಳಿ, ದಕ್ಷಿಣದವರ ಅಡುಗೆಯಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿಮಾಂಸ ಹಾಕುವುದುಂಟು.

ದುಡ್ಡಿಲ್ಲದೆ ನೋಡುವುದು

ಕಲೋನಿಯಲ್ ಪಾರ್ಕ್ ಸ್ಮಶಾನ 1750ರ ಸುಮಾರಿನದು, 1853ರಲ್ಲಿ ಹೂಳುವುದು ನಿಲ್ಲಿಸಿದರು. 1820ರ ಜ್ವರದಲ್ಲಿ ಸತ್ತವರ ಫಲಕ ಇಲ್ಲೇ ಇದೆ. ರೋಗಿಗಳನ್ನು ನೋಡಿಕೊಳ್ಳುತ್ತಾ ತಾವೂ ಸತ್ತ ಇಬ್ಬರು ಡಾಕ್ಟರುಗಳ ನೆನಪೂ ಅದರಲ್ಲಿದೆ. ಪೂರ್ವದ ಗೋಡೆಗೆ ಕಿತ್ತ ಗೋರಿಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಶೆರ್ಮನ್ನನ ಸೈನಿಕರು ಬೇಜಾರಿಗೆ ಕಲ್ಲುಗಳ ಮೇಲಿನ ವಯಸ್ಸು ತಿದ್ದಿದರಂತೆ. ಒಂದು ಗಂಟೆ ಸಾಕು. ಊರ ನಡುವೆಯೇ ಇದೆ.

ಬೊನಾವೆಂಚರ್ ಸ್ಮಶಾನಕ್ಕೆ ಕಾರ್ ಬೇಕು, ಹದಿನೈದು ನಿಮಿಷದ ದಾರಿ. ನದಿಯ ದಂಡೆಯಲ್ಲಿ ಸುಮಾರು ನೂರು ಎಕರೆ. ಮೊದಲು ಇಲ್ಲೊಂದು ತೋಟದ ಬಂಗಲೆ ಇತ್ತು. ಔತಣದ ನಡುವೆ ಬೆಂಕಿ ಬಿದ್ದಾಗ ಯಜಮಾನ ಮೇಜನ್ನು ಅಂಗಳಕ್ಕೆ ತರಿಸಿ, ಮನೆ ಉರಿಯುವ ಬೆಳಕಿನಲ್ಲೇ ಊಟ ಮುಗಿಸಿದನಂತೆ. ಈಗಲೂ ಗಾಜಿನ ಲೋಟ ಒಡೆದ ಸದ್ದು ಕೇಳುತ್ತದಂತೆ. ಅಂತೆ ಇಲ್ಲದ ಕಥೆಯೂ ಇದೆ. 1867ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಕೈಯಲ್ಲಿ ಕಾಸಿಲ್ಲದೆ, ಮನೆಯಿಂದ ದುಡ್ಡು ಬರುವವರೆಗೆ ಇಲ್ಲೇ ರಾತ್ರಿಗಳನ್ನು ಕಳೆದ. ದೆವ್ವಕ್ಕೆ ಹೆದರಿ ಕಳ್ಳರು ಇತ್ತ ಬರುವುದಿಲ್ಲ ಅನ್ನುವುದು ಅವನ ಲೆಕ್ಕ. ದೆವ್ವಗಳ ಉಪಯೋಗ ಸರಿಯಾಗಿ ತಿಳಿದಿದ್ದ ಮನುಷ್ಯ.

ಇಲ್ಲಿ ಎಲ್ಲರೂ ಹುಡುಕುವುದು ಗ್ರೇಸಿ ವಾಟ್ಸನ್‌ಳನ್ನು. ಹೋಟೆಲ್ ಮ್ಯಾನೇಜರನ ಮಗಳು, 1889ರಲ್ಲಿ ಆರು ವರ್ಷಕ್ಕೆ ನ್ಯುಮೋನಿಯಾದಿಂದ ಸತ್ತಳು. ಜಾನ್ ವಾಲ್ಜ್ ಅನ್ನುವ ಶಿಲ್ಪಿ ಫೋಟೋ ನೋಡಿಕೊಂಡು ಕೆತ್ತಿದ. ಕೈ ಒಂದು ಮರದ ಬೊಡ್ಡೆಯ ಮೇಲಿದೆ, ಕಡಿದುಹೋದ ಆಯಸ್ಸಿನ ಗುರುತು. ಬೂಟಿನ ಗುಂಡಿ ಸಮೇತ ಕಾಣುತ್ತದೆ. ಸುತ್ತ ಕಬ್ಬಿಣದ ಬೇಲಿ, ಬೇಲಿಯೊಳಗೆ ಜನ ಎಸೆದ ಗೊಂಬೆ, ಚಿಲ್ಲರೆ ಕಾಸು. ಅಪ್ಪ ಅಮ್ಮ ಆಮೇಲೆ ಉತ್ತರಕ್ಕೆ ಹೊರಟುಹೋದರು, ಅವರ ಗೋರಿ ಅಲ್ಲೇ. ಗೊಂಬೆ ಕದ್ದರೆ ವಿಗ್ರಹ ರಕ್ತದ ಕಣ್ಣೀರು ಸುರಿಸುತ್ತದಂತೆ. ನಮ್ಮಮ್ಮ ಕೈಚೀಲದಿಂದ ಒಂದು ಚಾಕಲೇಟ್ ತೆಗೆದು ಬೇಲಿಯೊಳಗೆ ಇಟ್ಟರು.

ಈಗ ನಿಮ್ಮ ಲೆಕ್ಕ

ಮಕ್ಕಳ ಜೊತೆ ಹೋಗುವವರು ಬೆಳಿಗ್ಗೆ ಬೊನಾವೆಂಚರ್, ಮಧ್ಯಾಹ್ನ ಪೈರೇಟ್ಸ್ ಹೌಸ್, ಕತ್ತಲಾದ ಮೇಲೆ ಟ್ರಾಲಿ. ವಯಸ್ಸಾದ ಅಪ್ಪ ಅಮ್ಮ ಇದ್ದರೆ ಓವೆನ್ಸ್-ಥಾಮಸ್ ಬಿಡಬೇಡಿ, ಮೆಟ್ಟಿಲುಗಳ ಬಗ್ಗೆ ಮೊದಲೇ ಕೇಳಿಕೊಳ್ಳಿ. ಗೆಳೆಯರ ಗುಂಪಾದರೆ ಸೊರೆಲ್-ವೀಡ್ ರಾತ್ರಿ ಟೂರ್, ಅಥವಾ ಮಾರ್ಷಲ್ ಹೌಸ್ ರೂಮ್. ಎರಡೂ ಬೇಡ, ಒಂದೇ ರಾತ್ರಿಗೆ ಎರಡು ಕಡೆ ಭಯ ಪಡೋಕಾಗಲ್ಲ. ಜೇಬು ಬಿಗಿ ಇರುವವರು ಎರಡು ಸ್ಮಶಾನ ನೋಡಿ, ರಾತ್ರಿ ಚೌಕಗಳಲ್ಲಿ ತಾವೇ ಸುತ್ತಲಿ. ರೈಟ್ ಸ್ಕ್ವೇರ್‌ನಲ್ಲಿ ಸ್ವಲ್ಪ ನಿಲ್ಲಿ. 1735ರಲ್ಲಿ ಐರಿಷ್ ಆಳು ಆಲಿಸ್ ರೈಲಿಯನ್ನು ಗಲ್ಲಿಗೇರಿಸಿದ್ದು ಅಲ್ಲಿ. ಬಸುರಿ ಅಂತ ಹೆರಿಗೆ ಆಗುವವರೆಗೆ ಕಾದರು, ಆಮೇಲೆ ನೇಣು ಹಾಕಿದರು. ನಿರಪರಾಧಿಯ ರಕ್ತ ಬಿದ್ದ ಕಡೆ ಆ ಬೂದು ಬಳ್ಳಿ ಬೆಳೆಯಲ್ಲವಂತೆ. ಮರಗಳನ್ನು ನೀವೇ ನೋಡಿ.

ಆ ಬಳ್ಳಿ ಅನಾನಸ್ ಜಾತಿಗೆ ಸೇರಿದ್ದು. ಚೆನ್ನಾಗಿದೆ ಅಂತ ನೆಲದಿಂದ ಎತ್ತಿ ಕೊರಳಿಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಡಿ, ನೆಲಕ್ಕೆ ಬಿದ್ದದ್ದರಲ್ಲಿ ಕಚ್ಚುವ ಹುಳ ಇರುತ್ತದೆ. ಮೇ ಇಂದ ಅಕ್ಟೋಬರ್‌ವರೆಗೆ ಹೋಗುವವರು ಸೊಳ್ಳೆಗೆ ಹಚ್ಚುವ ಕ್ರೀಮ್ ಮರೆಯಬೇಡಿ. ಈ ಊರಲ್ಲಿ ಅತಿ ಹೆಚ್ಚು ದೆವ್ವಗಳನ್ನು ಮಾಡಿದ್ದು ಅವೇ.